ಸಕಲೇಶಪುರದಲ್ಲಿ ಕೂತು ಪುಣೆಯ ಕೆಲಸಕ್ಕೆ ಅರ್ಜಿ ಹಾಕಿದ್ದು

ಹಾಸನದಲ್ಲಿ ಮೆಕ್ಯಾನಿಕಲ್ ಡಿಪ್ಲೊಮಾ ಮುಗಿಸಿ, ಒಂದು ಸಣ್ಣ ವರ್ಕ್‌ಶಾಪಿನಲ್ಲಿ ಎರಡು ವರ್ಷ ಸಿಎನ್‌ಸಿ ಮೆಷಿನ್, ಅಂದರೆ ಕಂಪ್ಯೂಟರ್ ಹೇಳಿದಂತೆ ಲೋಹ ಕತ್ತರಿಸುವ ಮೆಷಿನ್, ನಡೆಸಿದೆ. ಆಮೇಲೆ ಪುಣೆಗೆ ಹೋಗೋಣ ಅನ್ನಿಸಿತು. ಚಾಕಣ್, ಪಿಂಪ್ರಿ-ಚಿಂಚ್‌ವಡ್ ಕಡೆ ಗಾಡಿಗಳ ಬಿಡಿಭಾಗ ಮಾಡುವ ಕಾರ್ಖಾನೆಗಳು ಜಾಸ್ತಿ ಅಲ್ವಾ. ಮೂರು ತಿಂಗಳು ಅರ್ಜಿ ಹಾಕಿದರೂ ಒಂದು ಫೋನೂ ಬರಲಿಲ್ಲ.

ತೊಡಕು ರೆಸ್ಯೂಮಿನಲ್ಲಿದ್ದ ಸಕಲೇಶಪುರದ ವಿಳಾಸದಲ್ಲಿತ್ತು. ಇಷ್ಟು ದೂರದ ಹುಡುಗ ಬರ್ತಾನೋ ಇಲ್ವೋ, ಬಂದರೂ ನಿಲ್ತಾನೋ ಅನ್ನುವ ಅನುಮಾನ ಕಂಪನಿಯವರಿಗೆ. ಪುಣೆಯ ಗೆಳೆಯನ ವಿಳಾಸ ಕೊಡು ಅಂದರು ಕೆಲವರು. ಕೊಡಲಿಲ್ಲ, ನಾಳೆಯೇ ಬಾ ಅಂದರೆ ಏನು ಹೇಳುವುದು? ಬದಲಿಗೆ ರೆಸ್ಯೂಮಿನ ತಲೆಯಲ್ಲೇ ಬರೆದೆ: ಪುಣೆಗೆ ಬಂದು ಇರಲು ತಯಾರಿದ್ದೇನೆ, 15 ದಿನದಲ್ಲಿ ಸೇರುತ್ತೇನೆ, ಇಂಟರ್‌ವ್ಯೂಗೆ ನನ್ನ ಖರ್ಚಿನಲ್ಲೇ ಬರುತ್ತೇನೆ. ಕೆಳಗೆ ಫಾನುಕ್ ಕಂಟ್ರೋಲ್ (ಸಿಎನ್‌ಸಿ ನಡೆಸುವ ಕಂಪ್ಯೂಟರ್), ಅಳತೆ ನೋಡುವ ಮೈಕ್ರೋಮೀಟರ್, ತೂತಿನ ಒಳಅಳತೆ ನೋಡುವ ಬೋರ್ ಗೇಜ್ ಎಂದು ಕೈಯಲ್ಲಿ ಬಳಸಿದ್ದನ್ನಷ್ಟೇ ಬರೆದೆ. ಅದಾದ ಮೇಲೆ ಫೋನ್ ಬರತೊಡಗಿದವು.

ಮೊದಲ ಫೋನ್ ಬಂದಾಗ ಜುಲೈ ಮಳೆ. ನಮ್ಮದು ಶೀಟಿನ ಮನೆ, ಆ ಸದ್ದಿನಲ್ಲಿ ಅವರ ಹಿಂದಿ ಒಂದು ಮಾತೂ ಕೇಳಿಸಲಿಲ್ಲ, ಎಲ್ಲದಕ್ಕೂ ಹಾಂ ಸರ್ ಅಂದೆ, ಆ ಕೆಲಸ ಹೋಯಿತು. ಮುಂದಿನದಕ್ಕೆ ಹಾಸನದ ಗೆಳೆಯನ ರೂಮಿಗೇ ಹೋಗಿ ಕೂತೆ. ಉತ್ತರಗಳನ್ನು ಹಿಂದಿಯಲ್ಲಿ ಜೋರಾಗಿ ಹೇಳಿಕೊಂಡು ಅಭ್ಯಾಸವನ್ನೂ ಮಾಡಿದ್ದೆ. ಶಾಫ್ಟಿನ ವ್ಯಾಸ 0.02 ಎಂಎಂ ಜಾಸ್ತಿ ಬಂದರೆ ಏನು ಮಾಡ್ತೀಯಾ ಅಂದರು. ಇನ್ಸರ್ಟ್ (ಕತ್ತರಿಸುವ ತುದಿ) ಸವೆದಿದೆಯಾ ನೋಡ್ತೀನಿ, ಚೆನ್ನಾಗಿದ್ದರೆ ಎಕ್ಸ್ ವೇರ್ ಆಫ್‌ಸೆಟ್‌ನಲ್ಲಿ (ವ್ಯಾಸದ ಅಳತೆ ತಿದ್ದುವ ಮೆಷಿನ್ ಸೆಟ್ಟಿಂಗ್) ಮೈನಸ್ 0.02 ಕೊಡ್ತೀನಿ, ಮುಂದಿನ ಪೀಸ್ ಅಳೆದು ನೋಡಿಯೇ ಓಡಿಸ್ತೀನಿ ಅಂದೆ. ಬಾ ಅಂದರು.

ಸುಮ್ನೆ ಒಂದೇ ಇಂಟರ್‌ವ್ಯೂಗೆ ಅಷ್ಟು ದೂರ ಓಡಬೇಡಿ. ನಾನು ಉಳಿದವರಿಗೂ ಫೋನ್ ಮಾಡಿ, ಇಂಥ ಎರಡು ದಿನ ಪುಣೆಯಲ್ಲಿರುತ್ತೇನೆ ಅಂತ ಹೇಳಿ ಮೂರನ್ನು ಒಟ್ಟಿಗೆ ಹಾಕಿಸಿಕೊಂಡೆ. ಹಾಸನಕ್ಕೆ ಬಸ್ಸು, ಅಲ್ಲಿಂದ ಅರಸೀಕೆರೆ, ಆಮೇಲೆ ಹುಬ್ಬಳ್ಳಿ, ಬೆಳಗಾವಿ, ಮೀರಜ್ ಮೇಲೆ ಹೋಗುವ ರೈಲು. ಸ್ಲೀಪರ್ ತತ್ಕಾಲ್ ಹಿಂದಿನ ದಿನ ಬೆಳಿಗ್ಗೆ 11ಕ್ಕೆ ತೆರೆಯುತ್ತದೆ, ಅದರಲ್ಲೇ ಸೀಟು ಸಿಕ್ಕಿತು. ನಡುವೆ ಒಬ್ಬ ಏಜೆಂಟ್ ರಿಜಿಸ್ಟ್ರೇಷನ್‌ಗೆ ದುಡ್ಡು ಕೇಳಿದ, ಫೋನ್ ಇಟ್ಟೆ. ಇನ್ನೊಂದು ಕಡೆ ಮಾರ್ಕ್ಸ್ ಕಾರ್ಡ್ ಒರಿಜಿನಲ್ ಬಿಟ್ಟು ಹೋಗು ಅಂದರು. ಜೆರಾಕ್ಸ್ ಕೊಟ್ಟು ಎದ್ದು ಬಂದೆ. ಒರಿಜಿನಲ್ ತೋರಿಸಿ, ಬಿಟ್ಟು ಬರಬೇಡಿ.

ಆಯ್ಕೆ ಆದ ಮೇಲೂ ಹಳೆ ಕೆಲಸ ಬಿಡಲಿಲ್ಲ. ಕೈಗೆ ಬರುವ ಸಂಬಳ ಎಷ್ಟು, ಕ್ಯಾಂಟೀನ್, ಬಸ್ಸು ಇದೆಯಾ ಅಂತ ಕೇಳಿಕೊಂಡು, ಆಫರ್ ಲೆಟರ್ ಮೇಲ್‌ಗೆ ಬರುವವರೆಗೆ ಒಂಬತ್ತು ದಿನ ಕಾದೆ. ಬಂದ ದಿನ ಸಂಜೆ ವರ್ಕ್‌ಶಾಪ್ ಯಜಮಾನರಿಗೆ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ಅನುಭವದ ಪತ್ರ ತಾವೇ ಬರೆಸಿ, ಸೀಲು ಹಾಕಿ ಕೊಟ್ಟರು.