ಎಷ್ಟು ಸಲ ಡಿಫ್ರಾಗ್ ಮಾಡಿದರೂ ಪರ್ಸೆಂಟ್ ಇಳಿಯುತ್ತಿಲ್ಲವೇ?

ಕೊಡಗಿನ ಎಷ್ಟೋ ಎಸ್ಟೇಟ್ ಆಫೀಸುಗಳಲ್ಲಿ ಇನ್ನೂ ಹಳೇ ಡೆಸ್ಕ್‌ಟಾಪ್‌ಗಳೇ ಕೆಲಸ ಮಾಡುತ್ತಿವೆ. ಬೆಳಿಗ್ಗೆ ಸ್ವಿಚ್ ಒತ್ತಿ ಹೋದ ರೈಟರ್ (ತೋಟದ ಗುಮಾಸ್ತ) ಮಸ್ಟರ್, ಅಂದರೆ ಆಳುಗಳ ಹಾಜರಿ, ಮುಗಿಸಿ ಬಂದರೂ ಲೆಕ್ಕದ ತಂತ್ರಾಂಶ ಟ್ಯಾಲಿ ತೆರೆದಿರುವುದಿಲ್ಲ. ಯಾರೋ ‘ಡಿಫ್ರಾಗ್ ಮಾಡಿ’ ಅಂದಿರುತ್ತಾರೆ, ಅಂದರೆ ಡಿಸ್ಕ್‌ನಲ್ಲಿ ಚೂರುಚೂರಾಗಿ ಹರಡಿದ ಫೈಲ್‌ಗಳನ್ನು ಒಂದೇ ಕಡೆ ಜೋಡಿಸಿ ಅಂತ. ಮಾಡಿದಾಗ ಚೂರಾದ ಭಾಗ 17 ಪರ್ಸೆಂಟ್ ಇದ್ದದ್ದು 14ಕ್ಕೆ ಬಂದು ನಿಲ್ಲುತ್ತದೆ. ಮತ್ತೆ ಒತ್ತಿದರೆ ಮತ್ತೆ 14. ರಾತ್ರಿಯಿಡೀ ಬಿಟ್ಟರೂ 14. ಕೊನೆಗೆ ಇಂಟರ್‌ನೆಟ್‌ನಿಂದ ಯಾವುದೋ ‘ಪಿಸಿ ಬೂಸ್ಟರ್’ ಇಳಿಸಿಕೊಳ್ಳುತ್ತಾರೆ. ಅದು ನಾಲ್ಕು ಜಾಹೀರಾತು, ಎರಡು ಟೂಲ್‌ಬಾರ್ ತಂದು ಹಾಕುತ್ತದೆ. ಕಂಪ್ಯೂಟರ್ ಇನ್ನಷ್ಟು ನಿಧಾನವಾಗುತ್ತದೆ.

ಒತ್ತಿದ್ದನ್ನೇ ಒತ್ತಿದರೆ ಆ ಸಂಖ್ಯೆ ಇಳಿಯಲ್ಲ. ಅದು ಹಠ ಹಿಡಿಯಲು ಸಾಮಾನ್ಯವಾಗಿ ಎರಡೇ ಕಾರಣ. ಒಂದು, ಡಿಸ್ಕ್‌ನಲ್ಲಿ ಖಾಲಿ ಜಾಗ ಸಾಲದು. ಇನ್ನೊಂದು, ವಿಂಡೋಸ್ ತಾನು ಓಡುತ್ತಿರುವಾಗ ಅಲುಗಾಡಿಸಲಾಗದ ದೊಡ್ಡ ಫೈಲ್‌ಗಳು ದಾರಿಯಲ್ಲಿ ಅಡ್ಡ ಕೂತಿವೆ. ಇವೆರಡನ್ನೂ ಸರಿಮಾಡಿ ಆಮೇಲೆ ಡಿಫ್ರಾಗ್ ಓಡಿಸಬೇಕು.

ಚೂರಾಗುವುದು ಅಂದರೇನು ಅಂತ ಚುಟುಕಾಗಿ ಹೇಳಿಬಿಡುತ್ತೇನೆ. ಚೆಕ್‌ರೋಲ್ ಪುಸ್ತಕದಲ್ಲಿ (ಆಳುಗಳ ಹಾಜರಿ, ಕೂಲಿ ಬರೆಯುವ ಪುಸ್ತಕ) ಒಬ್ಬ ಆಳಿನ ಲೆಕ್ಕ 12ನೇ ಪುಟದಲ್ಲಿ ಶುರುವಾಗಿ, ಜಾಗ ಸಾಲದೆ 40ಕ್ಕೆ ಹೋಗಿ, ಅಲ್ಲಿಂದ 7ಕ್ಕೆ ಬಂದರೆ ಬಟವಾಡೆ ದಿನ ಪುಟ ತಿರುಗಿಸುವುದರಲ್ಲೇ ಹೊತ್ತು ಹೋಗುತ್ತದೆ. ಹಾರ್ಡ್ ಡಿಸ್ಕ್‌ನ ಪಾಡೂ ಅದೇ. ಒಳಗಿನ ತಟ್ಟೆ ನಿಮಿಷಕ್ಕೆ 5,400 ಅಥವಾ 7,200 ಸುತ್ತು ತಿರುಗುತ್ತದೆ. ಓದುವ ಹೆಡ್ ಒಂದು ಚೂರಿನಿಂದ ಇನ್ನೊಂದಕ್ಕೆ ಹೋಗಲು ಸುಮಾರು 10ರಿಂದ 15 ಮಿಲಿಸೆಕೆಂಡ್ ಬೇಕು. ಒಂದೇ ಫೈಲ್ ಸಾವಿರಾರು ಚೂರಾದರೆ ಅಷ್ಟೂ ಸಲ ಕಾಯಬೇಕು.

ಹಂತ 1: ನಿಮ್ಮದು ಹಾರ್ಡ್ ಡಿಸ್ಕೋ ಎಸ್‌ಎಸ್‌ಡಿಯೋ ನೋಡಿ. ಸ್ಟಾರ್ಟ್ ಮೆನುವಿನಲ್ಲಿ ‘ಡಿಫ್ರಾಗ್’ ಎಂದು ಟೈಪ್ ಮಾಡಿದರೆ ಬರುವ ಕಿಟಕಿಯಲ್ಲಿ ‘ಮೀಡಿಯಾ ಟೈಪ್’ ಎಂಬ ಸಾಲು ಇದೆ. ಸಾಲಿಡ್ ಸ್ಟೇಟ್ ಎಂದಿದ್ದರೆ ಅದು ಎಸ್‌ಎಸ್‌ಡಿ, ಈ ಲೇಖನ ನಿಮಗಲ್ಲ. ಅದರಲ್ಲಿ ಓಡಾಡುವ ಹೆಡ್ಡೇ ಇಲ್ಲ. ಬಲವಂತವಾಗಿ ಡಿಫ್ರಾಗ್ ಮಾಡಿದರೆ ಸುಮ್ನೆ ಸವೆತ.

ಹಂತ 2: ಡಿಸ್ಕ್‌ನ ಆರೋಗ್ಯ. ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಎಂಬ ಉಚಿತ ತಂತ್ರಾಂಶ ಸಾಕು. (ಅದರಲ್ಲಿ ಕಾರ್ಟೂನ್ ಹುಡುಗಿಯ ಚಿತ್ರ ಇರುವ ಆವೃತ್ತಿಯೂ ಇದೆ. ಗಾಬರಿಯಾಗಬೇಡಿ, ಅದೂ ಅದೇ ತಂತ್ರಾಂಶ.) ನೀಲಿ ಬಣ್ಣದಲ್ಲಿ ‘ಗುಡ್’ ಎಂದಿದ್ದರೆ ಮುಂದೆ ಹೋಗಿ. ಹಳದಿಯಲ್ಲಿ ‘ಕಾಷನ್’ ಎಂದಿದ್ದರೆ, ಅದರಲ್ಲೂ ‘ಕರೆಂಟ್ ಪೆಂಡಿಂಗ್ ಸೆಕ್ಟರ್’ (ಓದಲು ತೊಂದರೆ ಕೊಡುತ್ತಿರುವ ಜಾಗಗಳು) ಸಾಲಿನ ‘ರಾ ವ್ಯಾಲ್ಯೂಸ್’ ಖಾನೆಯಲ್ಲಿ ಸೊನ್ನೆ ಬಿಟ್ಟು ಬೇರೆ ಏನಾದರೂ ಕಂಡರೆ ಅಲ್ಲೇ ನಿಲ್ಲಿಸಿ. ಡೇಟಾ ಬೇರೆ ಕಡೆ ಕಾಪಿ ಮಾಡಿ ಡಿಸ್ಕ್ ಬದಲಿಸಿ. ಸಾಯುತ್ತಿರುವ ಡಿಸ್ಕ್ ಮೇಲೆ ಡಿಫ್ರಾಗ್ ಓಡಿಸಿದರೆ ಅದು ಇನ್ನೂ ಬೇಗ ಸಾಯುತ್ತದೆ. ನಿಧಾನ ಆಗಿದ್ದೇ ಚೂರುಗಳಿಂದಲ್ಲ, ಕೆಟ್ಟ ಸೆಕ್ಟರ್‌ಗಳಿಂದ ಎಂಬುದು ಬಹಳ ಸಲ ಇಲ್ಲೇ ಗೊತ್ತಾಗುತ್ತದೆ.

ಹಂತ 3: ಬ್ಯಾಕಪ್. ಟ್ಯಾಲಿ ಡೇಟಾ, ಚೆಕ್‌ರೋಲ್ ಎಕ್ಸೆಲ್, ಮಳೆ ಲೆಕ್ಕದ ಶೀಟು, ಫೋಟೋಗಳು, ಎಲ್ಲವೂ ಹೊರಗಿನ ಡಿಸ್ಕ್‌ಗೆ. ಈ ಹಂತಕ್ಕೆ ವಿನಾಯಿತಿ ಇಲ್ಲ.

ಇನ್ನು ಯಾವಾಗ ಮಾಡಬೇಕು ಎಂಬುದು. ಜೂನ್‌ನಿಂದ ಕಕ್ಕಡ (ಕೊಡಗಿನ ಮಳೆ ತಿಂಗಳು) ಮುಗಿಯುವವರೆಗೆ ಈ ಕೆಲಸಕ್ಕೆ ಕೈ ಹಾಕಬೇಡಿ. ತಂತಿ ಮೇಲೆ ಯಾವಾಗ ಮರ ಬೀಳುತ್ತದೆ ಅಂತ ಯಾರಿಗೆ ಗೊತ್ತು? ಕೈಲ್ ಮುಹೂರ್ತ ಹಬ್ಬ ಕಳೆದು, ಮಳೆ ಇಳಿದು, ಕಾಫಿ ಕೊಯ್ಲಿನ ಗಡಿಬಿಡಿ ಶುರುವಾಗುವ ಮೊದಲು ಮಾಡುವುದು ಒಳ್ಳೆಯದು. ವಿಂಡೋಸ್‌ನ ಡಿಫ್ರಾಗ್ ಒಂದು ತುಂಡನ್ನು ಹೊಸ ಜಾಗಕ್ಕೆ ಕಾಪಿ ಮಾಡಿ ಆಮೇಲೆ ವಿಳಾಸ ಬದಲಿಸುತ್ತದೆ. ಹಾಗಾಗಿ ಕರೆಂಟ್ ಹೋದ ಮಾತ್ರಕ್ಕೆ ಫೈಲ್ ಹೋಗುವುದು ಅಪರೂಪ. ಆದರೆ ಹಳೇ ಡಿಸ್ಕ್ ಓಡುತ್ತಿದ್ದಂತೆ ಕರೆಂಟ್ ಹೋಗುವುದು, ಬರುವುದು, ಮತ್ತೆ ಹೋಗುವುದು ಆ ಯಂತ್ರಕ್ಕೇ ಒಳ್ಳೆಯದಲ್ಲ. ಸಣ್ಣ ಯುಪಿಎಸ್ ರಾತ್ರಿಯಿಡೀ ಬರಲ್ಲ, ಇನ್ವರ್ಟರ್ ಲೈನ್ ಇದ್ದರೆ ಅದಕ್ಕೇ ಹಾಕಿ.

ಹಂತ 4: ವರದಿ ತೆಗೆಯಿರಿ. ಕಿಟಕಿಯಲ್ಲಿ ಕಾಣುವ ಪರ್ಸೆಂಟ್ ನಂಬಿ ಕೂರಬೇಡಿ. ಸ್ಟಾರ್ಟ್‌ನಲ್ಲಿ ‘ಸಿಎಂಡಿ’ ಹುಡುಕಿ, ರೈಟ್ ಕ್ಲಿಕ್ ಮಾಡಿ, ‘ರನ್ ಆ್ಯಸ್ ಅಡ್ಮಿನಿಸ್ಟ್ರೇಟರ್’ ಒತ್ತಿ, ಕಪ್ಪು ಕಿಟಕಿ ತೆರೆಯುತ್ತದೆ. ಫೋನಿನಲ್ಲಿ ಹೇಳಿದ ಹಾಗೇ ಹೇಳುತ್ತೇನೆ, ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡಿ: ಡಿಫ್ರಾಗ್, ಸ್ಪೇಸ್, ಸಿ ಕೋಲನ್, ಸ್ಪೇಸ್, ಸ್ಲ್ಯಾಷ್ ಎ, ಸ್ಪೇಸ್, ಸ್ಲ್ಯಾಷ್ ವಿ. ಸ್ಲ್ಯಾಷ್ ಅಂದರೆ ಪ್ರಶ್ನೆ ಚಿಹ್ನೆ ಇರುವ ಕೀಲಿ, ಎಂಟರ್ ಹತ್ತಿರದ ಆ ಇನ್ನೊಂದು ಗೆರೆಯಲ್ಲ.

ಬರುವ ಉದ್ದದ ವರದಿಯಲ್ಲಿ ಮೂರು ಕಡೆ ಕಣ್ಣು ಹಾಯಿಸಿ. ‘ಟೋಟಲ್ ಫ್ರಾಗ್ಮೆಂಟೆಡ್ ಸ್ಪೇಸ್’ ಎಂಬುದು ಆ ಪರ್ಸೆಂಟ್. ‘ಲಾರ್ಜೆಸ್ಟ್ ಫ್ರೀ ಸ್ಪೇಸ್ ಸೈಜ್’ ಎಂಬುದು ಒಂದೇ ಕಡೆ ಸಿಗುವ ದೊಡ್ಡ ಖಾಲಿ ಜಾಗ. ಒಟ್ಟು 30 ಜಿಬಿ ಖಾಲಿ ಇದ್ದೂ ಇದು ಒಂದು ಜಿಬಿ ಕೂಡ ಇಲ್ಲದಿದ್ದರೆ ನಿಮ್ಮ ರೋಗ ಅಲ್ಲೇ ಇದೆ. ಖಾಲಿ ಜಾಗವೇ ಚೂರುಚೂರಾಗಿದೆ, ದೊಡ್ಡ ಫೈಲ್ ಎಲ್ಲಿಗೆ ಹೋಗಿ ಕೂರಬೇಕು? ಮೂರನೆಯದು ಕೊನೆಯ ಟಿಪ್ಪಣಿ: 64 ಎಂಬಿಗಿಂತ ದೊಡ್ಡ ಚೂರುಗಳನ್ನು ಲೆಕ್ಕಕ್ಕೆ ಸೇರಿಸಿಲ್ಲ ಎಂದಿರುತ್ತದೆ. ಇದು ಮೋಸವಲ್ಲ. ಅಷ್ಟು ದೊಡ್ಡ ತುಂಡು ಓದಲು ಸಾಮಾನ್ಯ ಡಿಸ್ಕ್‌ಗೆ ಅರ್ಧ ಸೆಕೆಂಡಿಗಿಂತ ಜಾಸ್ತಿ ಬೇಕು, ಅದರ ಮುಂದೆ 10 ಮಿಲಿಸೆಕೆಂಡಿನ ಓಡಾಟ ಲೆಕ್ಕಕ್ಕೇ ಇಲ್ಲ. ಮದುವೆ ವಿಡಿಯೋ ಫೈಲ್ ಹತ್ತಿಪ್ಪತ್ತು ದೊಡ್ಡ ಚೂರಾಗಿದೆ ಅಂತ ಸ್ಟುಡಿಯೋದವರು ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. ಒಟ್ಟು ಪರ್ಸೆಂಟ್ 10ರ ಒಳಗಿದ್ದರೂ ಅಷ್ಟೇ, ಬಿಟ್ಟುಬಿಡಿ.

ಹಂತ 5: ಜಾಗ ಮಾಡಿ. ಕನಿಷ್ಠ 15 ಪರ್ಸೆಂಟ್ ಖಾಲಿ ಬೇಕು, ನಾನಾದರೆ 25 ಇಲ್ಲದೆ ಶುರುವೇ ಮಾಡುವುದಿಲ್ಲ. ‘ಡಿಸ್ಕ್ ಕ್ಲೀನಪ್’ ತೆರೆದು ‘ಕ್ಲೀನ್ ಅಪ್ ಸಿಸ್ಟಮ್ ಫೈಲ್ಸ್’ ಒತ್ತಿದರೆ ಹಳೇ ವಿಂಡೋಸ್‌ನ ಉಳಿಕೆಯೇ ಎಷ್ಟೋ ಜಿಬಿ ಹೋಗುತ್ತದೆ. ಆ ಪಟ್ಟಿಯಲ್ಲಿ ‘ಡೌನ್‌ಲೋಡ್ಸ್’ ಎದುರು ಟಿಕ್ ಇದ್ದರೆ ತೆಗೆಯಿರಿ, ನಿಮ್ಮ ಬಿಲ್‌ಗಳು ಅಲ್ಲೇ ಇರುತ್ತವೆ. ವಿಂಡೋಸ್‌ನ ಸೆಟ್ಟಿಂಗ್‌ಗಳಿಗೇ ಕೈ ಹಾಕುವ ‘ರಿಜಿಸ್ಟ್ರಿ ಕ್ಲೀನರ್’ ಬೇಡ.

ಹಂತ 6: ಅಡ್ಡ ಕೂತವರನ್ನು ಎಬ್ಬಿಸುವುದು. ಎಲ್ಲರೂ ಎಡವುವುದು ಇಲ್ಲೇ. ಒಂದೋ ಈ ಹಂತ ಇದೆ ಎಂಬುದೇ ಗೊತ್ತಿರುವುದಿಲ್ಲ, ಇಲ್ಲವೇ ತೆಗೆದದ್ದನ್ನು ವಾಪಸ್ ಹಾಕುವುದಿಲ್ಲ. ಹಾಗಾಗಿ ಒಂದು ಚೀಟಿಯಲ್ಲಿ ಏನೇನು ತೆಗೆದಿರಿ ಅಂತ ಬರೆದು ಮಾನಿಟರ್‌ಗೆ ಅಂಟಿಸಿ. ತಮಾಷೆಗಲ್ಲ, ನಿಜಕ್ಕೂ ಅಂಟಿಸಿ.

ಮೊದಲನೆಯದು ಹೈಬರ್ನೇಷನ್ ಫೈಲ್. ಕಂಪ್ಯೂಟರ್ ಗಾಢ ನಿದ್ದೆಗೆ ಹೋಗುವಾಗ ರ್‍ಯಾಮ್‌ನಲ್ಲಿ (ಕೆಲಸದ ಮೆಮೊರಿ) ಇರುವುದನ್ನು ಬರೆದಿಡುವ ಜಾಗ. ವಿಂಡೋಸ್ 10ರಲ್ಲಿ ಇದು ರ್‍ಯಾಮ್‌ನ ಸುಮಾರು 40 ಪರ್ಸೆಂಟ್‌ನಷ್ಟು ಇರುತ್ತದೆ. ಅಂದರೆ 8 ಜಿಬಿ ರ್‍ಯಾಮ್ ಇದ್ದರೆ ಮೂರು ಜಿಬಿಗೂ ಮಿಗಿಲು. ಅದೇ ಕಪ್ಪು ಕಿಟಕಿಯಲ್ಲಿ ಪವರ್‌ಸಿಎಫ್‌ಜಿ, ಸ್ಪೇಸ್, ಸ್ಲ್ಯಾಷ್ ಎಚ್, ಸ್ಪೇಸ್, ಆಫ್ ಎಂದು ಟೈಪ್ ಮಾಡಿ. ಏನೂ ಉತ್ತರ ಬರದಿದ್ದರೆ ಕೆಲಸ ಆಗಿದೆ ಎಂದರ್ಥ. ಇದರಿಂದ ಬೇಗ ಆನ್ ಆಗುವ ‘ಫಾಸ್ಟ್ ಸ್ಟಾರ್ಟಪ್’ ಸೌಲಭ್ಯ ಕೂಡ ಆಫ್ ಆಗುತ್ತದೆ.

ಎರಡನೆಯದು ರಿಸ್ಟೋರ್ ಪಾಯಿಂಟ್‌ಗಳು, ತೊಂದರೆಯಾದರೆ ಹಿಂದಿನ ಸ್ಥಿತಿಗೆ ಮರಳಲು ವಿಂಡೋಸ್ ಇಟ್ಟುಕೊಂಡ ಗುರುತುಗಳು. ವಿಂಡೋಸ್ ಕೀಲಿ ಮತ್ತು ಆರ್ ಒಟ್ಟಿಗೆ ಒತ್ತಿ, ‘ಸಿಸ್‌ಡಿಎಂ ಡಾಟ್ ಸಿಪಿಎಲ್’ ಎಂದು ಕೊಟ್ಟರೆ ಒಂದು ಸಣ್ಣ ಕಿಟಕಿ ಬರುತ್ತದೆ. ‘ಸಿಸ್ಟಮ್ ಪ್ರೊಟೆಕ್ಷನ್’ ಟ್ಯಾಬ್‌ನಲ್ಲಿ ಸಿ ಡ್ರೈವ್ ಆರಿಸಿ, ‘ಕಾನ್ಫಿಗರ್’ ಒತ್ತಿ, ಕೆಳಗಿನ ‘ಡಿಲೀಟ್’ ಒತ್ತಿ. ಇನ್ನು ಹಿಂದಿನ ಸ್ಥಿತಿಗೆ ಹೋಗಲಾಗದು. ಹಂತ 3 ಬಿಟ್ಟು ಇಲ್ಲಿಗೆ ಬಂದವರು ದಯವಿಟ್ಟು ವಾಪಸ್ ಹೋಗಿ.

ಮೂರನೆಯದು ಪೇಜ್ ಫೈಲ್. ರ್‍ಯಾಮ್ ಸಾಲದಾಗ ವಿಂಡೋಸ್ ಡಿಸ್ಕ್ ಮೇಲೆ ಬಳಸುವ ಜಾಗ ಇದು. ಅದೇ ಸಣ್ಣ ಕಿಟಕಿಯಲ್ಲಿ ‘ಅಡ್ವಾನ್ಸ್ಡ್’ ಟ್ಯಾಬ್, ಪರ್ಫಾರ್ಮೆನ್ಸ್ ಕೆಳಗಿನ ‘ಸೆಟ್ಟಿಂಗ್ಸ್’, ಮತ್ತೆ ‘ಅಡ್ವಾನ್ಸ್ಡ್’, ‘ವರ್ಚುಯಲ್ ಮೆಮೊರಿ’ ಎದುರು ‘ಚೇಂಜ್’. ಮೇಲಿನ ‘ಆಟೋಮ್ಯಾಟಿಕ್’ ಟಿಕ್ ತೆಗೆಯಿರಿ. ಸಿ ಆರಿಸಿ, ‘ನೋ ಪೇಜಿಂಗ್ ಫೈಲ್’ ಗುರುತು ಮಾಡಿ. ಈಗ ‘ಸೆಟ್’ ಬಟನ್ ಒತ್ತಬೇಕು. ಬಹಳ ಜನ ಅದನ್ನು ಬಿಟ್ಟು ನೇರ ಓಕೆ ಒತ್ತುತ್ತಾರೆ, ಏನೂ ಬದಲಾಗಿರುವುದಿಲ್ಲ, ಆಮೇಲೆ ‘ಈ ಉಪಾಯ ನಮ್ಮಲ್ಲಿ ನಡೆಯಲಿಲ್ಲ ಸರ್’ ಅನ್ನುತ್ತಾರೆ. ಎಚ್ಚರಿಕೆಯ ಮಾತೊಂದು ಬರುತ್ತದೆ, ಯೆಸ್ ಕೊಡಿ. ರೀಸ್ಟಾರ್ಟ್ ಮಾಡಿ. ರ್‍ಯಾಮ್ 4 ಜಿಬಿಗಿಂತ ಕಮ್ಮಿ ಇದ್ದರೆ ಇದಕ್ಕೆ ಹೋಗಬೇಡಿ. 4 ಜಿಬಿ ಇದ್ದರೂ ಈ ಹೊತ್ತಿನಲ್ಲಿ ಕ್ರೋಮ್ ತೆರೆಯಬೇಡಿ.

ಹಂತ 7: ಟ್ಯಾಲಿ, ಔಟ್‌ಲುಕ್, ಕ್ಲೌಡ್‌ಗೆ ಕಾಪಿ ಮಾಡುವ ತಂತ್ರಾಂಶ ಎಲ್ಲ ಮುಚ್ಚಿ. ಅವು ನಡುವೆ ಬರೆಯುತ್ತಿದ್ದರೆ ಡಿಫ್ರಾಗ್‌ಗೆ ಅಡ್ಡಿ. ಸ್ಲೀಪ್ ‘ನೆವರ್’ಗೆ ಹಾಕಿ. ಕಪ್ಪು ಕಿಟಕಿಯಲ್ಲಿ ಮೊದಲು ಡಿಫ್ರಾಗ್ ಸಿ ಕೋಲನ್ ಜೊತೆ ಸ್ಲ್ಯಾಷ್ ಎಕ್ಸ್ ಕೊಡಿ, ಇದು ಖಾಲಿ ಜಾಗವನ್ನು ಒಟ್ಟುಗೂಡಿಸುತ್ತದೆ. ಅದು ಮುಗಿದ ಮೇಲೆ ಸ್ಲ್ಯಾಷ್ ಯು, ಸ್ಲ್ಯಾಷ್ ವಿ ಕೊಟ್ಟು ಮಾಮೂಲು ಡಿಫ್ರಾಗ್. ಒಂದು ಟಿಬಿ ಡಿಸ್ಕ್ ಆದರೆ ರಾತ್ರಿ ಬಿಟ್ಟು ಮಲಗಿ. ಯುಪಿಎಸ್ ಕೂಗಲು ಶುರು ಮಾಡಿದರೆ ಕಂಟ್ರೋಲ್ ಹಿಡಿದು ಸಿ ಒತ್ತಿದರೆ ನಿಲ್ಲುತ್ತದೆ, ಏನೂ ಹಾಳಾಗಲ್ಲ.

ಹಂತ 8: ಚೀಟಿ ನೋಡಿ ವಾಪಸ್ ಹಾಕಿ. ಪೇಜ್ ಫೈಲ್‌ಗೆ ‘ಕಸ್ಟಮ್ ಸೈಜ್’ ಆರಿಸಿ, ಎರಡೂ ಖಾನೆಯಲ್ಲಿ ಒಂದೇ ಸಂಖ್ಯೆ, ಉದಾಹರಣೆಗೆ 4096, ಹಾಕಿ. ಹಿಗ್ಗುವುದೂ ಇಲ್ಲ, ಕುಗ್ಗುವುದೂ ಇಲ್ಲ, ಹಾಗಾಗಿ ಮತ್ತೆ ಚೂರಾಗಲ್ಲ. ‘ಸೆಟ್’, ಓಕೆ, ರೀಸ್ಟಾರ್ಟ್. ಪೇಜ್ ಫೈಲ್ ಇಲ್ಲದೇ ಬಿಟ್ಟರೆ ಒಂದು ದಿನ ದೊಡ್ಡ ಎಕ್ಸೆಲ್ ತೆರೆದಾಗ ‘ಮೆಮೊರಿ ಸಾಲದು’ ಎಂದು ಎಲ್ಲ ಮುಚ್ಚಿಕೊಳ್ಳುತ್ತದೆ. ಹೊಸದೊಂದು ರಿಸ್ಟೋರ್ ಪಾಯಿಂಟ್ ಮಾಡಿ. ಹೈಬರ್ನೇಷನ್ ಡೆಸ್ಕ್‌ಟಾಪ್‌ಗೆ ಬೇಕಾಗಿಲ್ಲ. ಲ್ಯಾಪ್‌ಟಾಪ್ ಆದರೆ ಅದೇ ಆಜ್ಞೆಯಲ್ಲಿ ಆಫ್ ಬದಲು ಆನ್ ಕೊಡಿ.

ಇಷ್ಟಾದರೂ ಒಂದೆರಡು ಫೈಲ್ ಹಠ ಬಿಡದಿದ್ದರೆ? ಮೈಕ್ರೋಸಾಫ್ಟ್‌ನ ಸಿಸ್‌ಇಂಟರ್ನಲ್ಸ್ ಸಂಗ್ರಹದಲ್ಲಿ ‘ಕಾಂಟಿಗ್’ ಎಂಬ ಪುಟ್ಟ ಉಚಿತ ಸಾಧನ ಇದೆ, ಬೇಕಾದ ಒಂದೇ ಫೈಲನ್ನು ಜೋಡಿಸುತ್ತದೆ. ನನಗಂತೂ ಇನ್ನೂ ಹಳೇ ಉಪಾಯವೇ ಇಷ್ಟ: ಆ ಫೈಲನ್ನು ಹೊರಗಿನ ಡಿಸ್ಕ್‌ಗೆ ಕಾಪಿ ಮಾಡಿ, ಕಾಪಿ ತೆರೆಯುತ್ತದೆಯೇ ನೋಡಿ, ಮೂಲ ಅಳಿಸಿ, ವಾಪಸ್ ಕಾಪಿ ಮಾಡಿ. ಖಾಲಿ ಜಾಗ ಈಗ ಒಂದೇ ಕಡೆ ಇರುವುದರಿಂದ ಅದು ಬಹುತೇಕ ಒಂದೇ ಸಾಲಿಗೆ ಹೋಗಿ ಕೂರುತ್ತದೆ. ಬರೀ ಡೇಟಾ ಇರುವ ಡಿ ಡ್ರೈವ್‌ಗೆ ಈ ಎಂಟು ಹಂತ ಯಾಕೆ? ಎಲ್ಲ ಹೊರಗೆ ಕಾಪಿ ಮಾಡಿ, ಫಾರ್ಮ್ಯಾಟ್ ಮಾಡಿ, ವಾಪಸ್ ತನ್ನಿ. ಯಾವ ಡಿಫ್ರಾಗ್‌ಗಿಂತಲೂ ಚೊಕ್ಕ.

ವಿಂಡೋಸ್‌ನ ವಾರದ ಶೆಡ್ಯೂಲ್ ಆನ್ ಇರಲಿ. ಆದರೆ ಕಂಪ್ಯೂಟರನ್ನು ಬಟವಾಡೆ ದಿನ ಒಂದು ಗಂಟೆ ಮಾತ್ರ ಹಾಕಿ ಆಫ್ ಮಾಡಿದರೆ ಅದಕ್ಕೆ ಸಮಯವೇ ಸಿಗುವುದಿಲ್ಲ, ತಿಂಗಳಿಗೊಮ್ಮೆ ಸುಮ್ನೆ ಆನ್ ಮಾಡಿ ಬಿಡಿ.

ಹೋಮ್‌ಸ್ಟೇಯವರಿಗೆ ಪ್ರತ್ಯೇಕವಾಗಿ ಒಂದು ಮಾತು. ಸಿಸಿಟಿವಿ ಡಿವಿಆರ್ ಒಳಗಿನ ಡಿಸ್ಕ್‌ಗೆ ಇದ್ಯಾವುದನ್ನೂ ಮಾಡಬೇಡಿ. ಅನೇಕ ಡಿವಿಆರ್‌ಗಳು ತಮ್ಮದೇ ರೀತಿಯಲ್ಲಿ ಬರೆಯುತ್ತವೆ, ಅದು ವಿಂಡೋಸ್‌ಗೆ ಓದಲು ಬರುವುದಿಲ್ಲ. ಬಿಚ್ಚಿ ಕಂಪ್ಯೂಟರ್‌ಗೆ ಹಾಕಿದರೆ ‘ಇನಿಶಿಯಲೈಸ್ ಮಾಡಲೇ’, ‘ಫಾರ್ಮ್ಯಾಟ್ ಮಾಡಲೇ’ ಎಂದು ಕೇಳುತ್ತದೆ. ಕ್ಯಾನ್ಸಲ್ ಒತ್ತಿ, ಡಿಸ್ಕನ್ನು ಡಿವಿಆರ್‌ಗೇ ವಾಪಸ್ ಹಾಕಿ.