ಮಾಳಿಗೆಯ ಮೇಲೆ ಮಲಗಿಸಿ ಅಕ್ಷರಗುಂಡು ತೋರಿಸಿದ್ದು

ಹೋದ ಚಳಿಗಾಲದಲ್ಲಿ ಮಣ್ಣಿನ ಚಾವಣಿಯ ನಮ್ಮ ಮಾಳಿಗೆ ಮನೆಯಲ್ಲಿ ಹತ್ತಿರ ಹತ್ತಿರ ಇನ್ನೂರು ಮಂದಿ ತಂಗಿ ಹೋದರು. ಊರು ಬ್ರಹ್ಮಗಿರಿಯ ಮಗ್ಗುಲಲ್ಲಿ, ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮುರು ತಾಲ್ಲೂಕು. ‘ಶೇಂಗಾ ಹೊಲ ನೋಡಲು ದುಡ್ಡು ಕೊಟ್ಟು ಯಾರು ಬರುತ್ತಾರೆ ಭಾವ? ಇದೇನು ಕೊಡಗೇ?’ ಎಂದು ನಕ್ಕಿದ್ದ ನನ್ನ ಬಾಮೈದ ಈಗ ತನ್ನ ಹಳೆಯ ಮನೆಯ ಮಾಳಿಗೆ ಎಷ್ಟು ಜನರ ಭಾರ ತಡೆದೀತು ಎಂದು ವಿಚಾರಿಸುತ್ತಿದ್ದಾನೆ. ಅವನಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ನೋಂದಣಿ, ಶೌಚಾಲಯ, ನೀರಿನ ಟ್ಯಾಂಕರ್ ಕಥೆಗಳು ಹೋಂಸ್ಟೇ ನಡೆಸುವ ಎಲ್ಲರಿಗೂ ಗೊತ್ತು, ಬಿಡುತ್ತೇನೆ.

ಮೊದಲು ತಂದದ್ದು ಮೂರು ಡೇರೆ. ಎಪ್ಪತ್ತು ಸಾವಿರದ ಆಸುಪಾಸು. ಚಿತ್ರದುರ್ಗದ ಗುಡ್ಡಗಳ ನೆತ್ತಿಯ ಮೇಲೆ ಗಾಳಿಯಂತ್ರ ನೆಟ್ಟವರು ಸುಮ್ಮನೆ ನೆಟ್ಟಿಲ್ಲ ಎಂಬುದು ನನಗೆ ಆಷಾಢದಲ್ಲಿ ಹೊಳೆಯಿತು. ಒಂದು ಡೇರೆ ಮಾರನೆಯ ದಿನ ಹುಣಸೆ ಮರದಲ್ಲಿ ಸಿಕ್ಕಿತು, ಇನ್ನೊಂದು ಸಿಗಲೇ ಇಲ್ಲ. ಆಮೇಲೆ ಸಾಲ ಮಾಡಿ ತಗಡಿನ ಎರಡು ಕೋಣೆ ಹಾಕಿಸಿದೆ. ಎರಡು ಲಕ್ಷ ದಾಟಿತು. ಮಾರ್ಚ್‌ನಲ್ಲಿ ಬಂದ ದಾವಣಗೆರೆಯ ಕುಟುಂಬವೊಂದು ರಾತ್ರಿ ಹನ್ನೊಂದಕ್ಕೆ ಎದ್ದು ಕಾರಿನಲ್ಲಿ ಹೋಗಿ ಮಲಗಿತು. ಆ ಕೋಣೆಗಳಲ್ಲಿ ಈಗ ಶೇಂಗಾ ಹೊಟ್ಟು ತುಂಬಿದೆ. ಕೊನೆಗೆ ಅಜ್ಜನ ಮನೆಗೇ ಬಂದೆ. ಎರಡು ತೊಲೆ ಬದಲಿಸಿ, ಜಂತೆ ಸರಿಪಡಿಸಿ, ಮೇಲೆ ಚೌಳು ಮಣ್ಣು, ಅಂದರೆ ಉಪ್ಪುಮಣ್ಣು, ಹಾಕಿಸಿದ್ದಕ್ಕೆ ನಲವತ್ತು ಸಾವಿರವೂ ಆಗಲಿಲ್ಲ. ಒಳಗೆ ತಂಪು, ಮೇಲೆ ನಕ್ಷತ್ರ. ಚೌಳಿಗೆ ನಾನು ಬೆರೆಸುವ ಇನ್ನೊಂದು ವಸ್ತು ಮಾತ್ರ ಬಾಮೈದನಿಗೂ ಹೇಳಿಲ್ಲ.

ತಂಗಲು ಜಾಗವಾಯಿತು, ತೋರಿಸುವುದು ಏನನ್ನು? ಈ ಗುಡ್ಡಗಳಲ್ಲಿ ಕರಡಿ ಇರುವುದು ನಿಜ. ‘ಕರಡಿ ನೋಡಬಹುದು’ ಎಂದು ಜಾಹೀರಾತು ಹಾಕಿಕೊಂಡೆ. ಎರಡು ತಿಂಗಳಲ್ಲಿ ಒಬ್ಬರಿಗೂ ಕಾಣಲಿಲ್ಲ. ಒಂದು ಬೆಳಗ್ಗೆ ನಿವೃತ್ತ ಮೇಷ್ಟ್ರೊಬ್ಬರನ್ನು ಅಕ್ಷರಗುಂಡಿಗೆ, ಅಂದರೆ ಬ್ರಹ್ಮಗಿರಿಯ ಅಶೋಕನ ಶಾಸನವಿರುವ ಬಂಡೆಗೆ, ಕರೆದೊಯ್ದಿದ್ದೆ. ಅವರು ಬಗ್ಗಿ ಬೆರಳು ತೋರಿಸಿ, ‘ಸಚಂ ವತವಿಯಂ’ ಎಂದು ಓದಿದರು. ‘ಸತ್ಯವನ್ನೇ ನುಡಿಯಬೇಕು ಎಂದಿದೆ ಕಣಪ್ಪ. ನಿನ್ನ ಕರಡಿ ಎಲ್ಲಿ?’ ಅಂದರು. ಅವರ ಅರ್ಧ ಹಣ ವಾಪಸು ಕೊಟ್ಟೆ. ಆದರೆ ಆ ಒಂದು ಸಾಲಿನ ಮುಂದೆ ಅವರು ಮುಕ್ಕಾಲು ಗಂಟೆ ಕುಳಿತಿದ್ದನ್ನು ನೋಡಿ ನನಗೆ ದಾರಿ ಸಿಕ್ಕಿತು.

ಬಹಳ ಜನ ಮಧ್ಯಾಹ್ನ ಬಂದು, ಸರಳುಗಳಾಚೆಗೆ ಬರೀ ಕಲ್ಲು ನೋಡಿ ಹೋಗುತ್ತಾರೆ. ಅಕ್ಷರ ಕಾಣಬೇಕಾದರೆ ಬೆಳಕು ಅಡ್ಡವಾಗಿ ಬೀಳಬೇಕು. ಸೀಮೆಸುಣ್ಣ ಹಚ್ಚುವುದು, ನೀರು ಎರಚುವುದು ಅಪರಾಧ, ನಾನಿರುವಾಗ ಯಾರನ್ನೂ ಬಿಡುವುದಿಲ್ಲ. ನನ್ನ ಉಪಾಯ ಕನ್ನಡಿ. ಎಳೆ ಬಿಸಿಲನ್ನು ಹೊರಗಿನಿಂದ ಕನ್ನಡಿಯಲ್ಲಿ ಹಿಡಿದು ಬಂಡೆಯ ಮೈ ಸವರುವಂತೆ ಹಾಯಿಸಿದರೆ ಬ್ರಾಹ್ಮಿ ಅಕ್ಷರಗಳು ಒಂದೊಂದಾಗಿ ಮೇಲೇಳುತ್ತವೆ. ಎಲ್ಲಿ ನಿಲ್ಲಬೇಕು, ಕನ್ನಡಿಗೆ ಏನು ಹೊದಿಸಬೇಕು ಎಂಬುದು ನನ್ನ ಅನ್ನ, ಕೇಳಬೇಡಿ. ಶಾಸನತಜ್ಞ ಬಿ.ಎಲ್. ರೈಸ್ 1892ರಲ್ಲಿ ಬೆಳಕಿಗೆ ತಂದ ಈ ಶಾಸನದ ಕೊನೆಯಲ್ಲಿ ಬರೆದವನ ಹೆಸರಿದೆ, ಚಪಡ. ‘ಲಿಪಿಕಾರ’ ಎಂಬ ತನ್ನ ಬಿರುದನ್ನು ಮಾತ್ರ ಅವನು ಬಲದಿಂದ ಎಡಕ್ಕೆ ಓಡುವ ಖರೋಷ್ಠಿಯಲ್ಲಿ ಕೊರೆದಿದ್ದಾನೆ. ಅದು ವಾಯವ್ಯದ ಗಾಂಧಾರದ ಕಡೆಯ ಲಿಪಿ. ಅಷ್ಟು ದೂರದ ವಿದ್ಯೆ ಕಲಿತವನು ನಮ್ಮ ಬಿಸಿಲಿಗೆ ಬಂದು ಸ್ವಲ್ಪ ಜಂಬ ತೋರಿಸಿಕೊಂಡ ಎಂದು ಹೇಳಿದರೆ ಹುಡುಗರೂ ಮೊಬೈಲ್ ಕೆಳಗಿಡುತ್ತಾರೆ.

ಇದಕ್ಕೆ ಮುಂಜಾನೆ ಇಲ್ಲೇ ಇರಬೇಕು, ಅಂದರೆ ರಾತ್ರಿ ತಂಗಲೇಬೇಕು. ಗುಟ್ಟು ಇಷ್ಟೇ. ಸಂಜೆ, 1947ರಲ್ಲಿ ಪುರಾತತ್ವಜ್ಞ ವ್ಹೀಲರ್ ಅಗೆಸಿದ ಬಯಲಿನ ಶಿಲಾವೃತ್ತಗಳ, ಅಂದರೆ ಕಲ್ಲು ಸುತ್ತಿದ ಹಳೆಯ ಸಮಾಧಿಗಳ, ಕಡೆ ನಡಿಗೆ. ಒಂದು ಮಡಕೆ ಚೂರನ್ನೂ ಜೇಬಿಗೆ ಹಾಕುವಂತಿಲ್ಲ. ಎರಡನೆಯ ದಿನ ಉಳಿದವರಿಗೆ ಜಟಿಂಗ ರಾಮೇಶ್ವರ ಬೆಟ್ಟ. ಜಟಾಯು ಬಿದ್ದ ಜಾಗ ಎನ್ನುತ್ತಾರೆ. ಅಲ್ಲಿನ ಶಾಸನದ ಬಂಡೆಗೆ ಬಳೆಗಾರ ಗುಂಡು ಎಂದೇ ಹೆಸರು, ಜಾತ್ರೆಯಲ್ಲಿ ಬಳೆಗಾರರು ಅದರ ಮೇಲೆ ಅಂಗಡಿ ಹೂಡುತ್ತಿದ್ದರಂತೆ. ಅಕ್ಷರ ಬಹಳ ಸವೆದಿವೆ, ನನ್ನ ಕನ್ನಡಿಯೂ ಅಲ್ಲಿ ಸೋತಿತು.

ದೊಡ್ಡ ತಪ್ಪು ಮಾಡಿದ್ದು ದೇವರ ಎತ್ತುಗಳ, ಅಂದರೆ ದೇವರ ಹೆಸರಿಗೆ ಬಿಟ್ಟ ದನಗಳ, ವಿಷಯದಲ್ಲಿ. ಅವನ್ನು ಸಾಕುವ ಮ್ಯಾಸನಾಯಕ ಸಮುದಾಯದವರ ಹಟ್ಟಿಯೊಂದಕ್ಕೆ ಎಂಟು ಮಂದಿಯನ್ನು ಕರೆದೊಯ್ದೆ. ಒಬ್ಬರ ಚೀಲದಲ್ಲಿ ಕೋಳಿ ಬಿರಿಯಾನಿಯ ಡಬ್ಬಿ ಇತ್ತು. ಮ್ಯಾಸರು ಕೋಳಿ ಮುಟ್ಟುವುದಿಲ್ಲ, ಎತ್ತುಗಳ ರೊಪ್ಪದ ಹತ್ತಿರವಂತೂ ಸುಳಿಯಗೊಡುವುದಿಲ್ಲ. ಇಲ್ಲೇ ಹುಟ್ಟಿದ ನಾನು ಮೊದಲೇ ಕೇಳಬೇಕಿತ್ತು. ಎತ್ತು ಕಾಯುವ ಕಿಲಾರಿ ಬೈಯಲಿಲ್ಲ. ‘ನೀನು ಗೊತ್ತಿದ್ದೂ ತಂದುಬಿಟ್ಟೆಯಲ್ಲಾ ತಮ್ಮ’ ಎಂದಷ್ಟೇ ಹೇಳಿದರು. ಒಂದು ವರ್ಷ ಆ ಕಡೆ ಮುಖ ಹಾಕಲಿಲ್ಲ. ಈಗ ಅವರು ಹೇಳಿಕಳಿಸಿದಾಗ ಮಾತ್ರ, ನಾಲ್ಕೇ ಜನ, ಚೀಲಗಳೆಲ್ಲ ಮನೆಯಲ್ಲಿ.

ನಡುವೆ ಸೀತಾಫಲದ ಐಸ್‌ಕ್ರೀಮ್ ಮಾಡಲು ಹೋಗಿ ಎಂಟು ಸಾವಿರ ಕರಗಿಸಿದೆ. ಮೊಳಕಾಲ್ಮುರಿನ ರೇಷ್ಮೆ ಮಗ್ಗ ತೋರಿಸುವುದು ಕೈ ಹತ್ತಿತು, ಅದೂ ತಡವಾಗಿ. ಮೊದಲು ಸೀರೆ ಮಾರಾಟದಲ್ಲಿ ಕಮಿಷನ್ ಕೇಳಿದ್ದೆ, ನೇಕಾರರು ಬಾಗಿಲು ಹಾಕಿಕೊಂಡರು. ಹತ್ತು ಜನ ಫೋಟೊ ತೆಗೆದು ಹೋದರೆ ಅವರಿಗೆ ಅರ್ಧ ಗಂಟೆಯ ನೇಯ್ಗೆ ನಷ್ಟ. ಈಗ ಸೀರೆ ಹೋಗಲಿ ಬಿಡಲಿ, ಅರ್ಧ ಗಂಟೆಗೆ ನೂರೈವತ್ತು ರೂಪಾಯಿ ಮೊದಲೇ ಕೊಡುತ್ತೇನೆ.

ತಲೆಗೆ ಸಾವಿರದ ಇನ್ನೂರು ತೆಗೆದುಕೊಳ್ಳುತ್ತೇನೆ. ನವಣೆ ಅನ್ನ, ಸಜ್ಜೆ ರೊಟ್ಟಿ, ಶೇಂಗಾ ಚಟ್ನಿ, ಮುದ್ದೆ ಸೇರಿ. ಅಡುಗೆಗೆ, ದಾರಿ ತೋರಿಸುವ ಕುರಿಗಾಹಿ ಹುಡುಗನಿಗೆ, ನೀರಿಗೆ ಹೋಗಿ ಐನೂರರ ಹತ್ತಿರ ಉಳಿಯುತ್ತದೆ. ತಗಡಿನ ಸಾಲ ಇನ್ನೂ ಮೂವತ್ತು ಸಾವಿರದಷ್ಟಿದೆ. ಮಾರ್ಚ್‌ನಿಂದ ಮೂರು ತಿಂಗಳು ಬಾಗಿಲು ಮುಚ್ಚಿ ಮಾಳಿಗೆಗೆ ಹೊಸ ಮಣ್ಣು ಹಾಕುತ್ತೇನೆ. ಈ ಸಲ ಚೌಳಿಗೆ ಎರಡು ಟ್ರ್ಯಾಕ್ಟರ್ ಹೇಳಿದ್ದೇನೆ, ಒಂದು ಬಾಮೈದನದು.