ಹೊಸ ಮನೆಯ ವಿಳಾಸವನ್ನು ಗೆಳೆಯರಿಗೆ ತಿಳಿಸುವಾಗ

ಮನೆ ಬದಲಿಸುತ್ತಿರುವವರಿಗೆ ಒಂದು ಮಾತು. ಹೊಸ ಮನೆಯಲ್ಲಿ ಹಾಲು ಉಕ್ಕಿಸಿದ ದಿನವೇ ಆಪ್ತರಿಗೆ ವಿಳಾಸ ಕಳುಹಿಸಿಬಿಡಿ. ‘ಆಮೇಲೆ ಹೇಳಿದರಾಯಿತು’ ಎಂದು ನಾನು ಸುಮ್ಮನಿದ್ದೆ. ಬಾಲ್ಯದ ಗೆಳತಿಯ ಮಗಳ ಮದುವೆಯ ಕರೆಯೋಲೆ ಹಳೆಯ ಮನೆಗೆ ಹೋಗಿ, ಮದುವೆ ಮುಗಿದು ಮೂರು ತಿಂಗಳಾದ ಮೇಲೆ ಕೈಸೇರಿತು. ಲಕೋಟೆಯ ನಾಲ್ಕೂ ಮೂಲೆಗೆ ಹಚ್ಚಿದ್ದ ಅರಿಶಿನ ಇನ್ನೂ ಮಾಸಿರಲಿಲ್ಲ. ಆ ಸಂಕಟ ಈಗಲೂ ಇದೆ.

ಬೆಂಗಳೂರಿನಂಥ ಊರಿನಲ್ಲಿ ಬಡಾವಣೆ ಮತ್ತು ಅಡ್ಡರಸ್ತೆ ಹೇಳಿದರೆ ಸಾಲದು; 5ನೇ ಅಡ್ಡರಸ್ತೆ ಪಕ್ಕದ ಬ್ಲಾಕಿನಲ್ಲೂ ಇರಬಹುದು. ಮನೆ ಸಂಖ್ಯೆ, ಮಹಡಿ, ಅಡ್ಡರಸ್ತೆ, ಮುಖ್ಯರಸ್ತೆ, ಬ್ಲಾಕ್, 6 ಅಂಕಿಯ ಪಿನ್‌ಕೋಡ್ ಎಲ್ಲವೂ ಒಂದೇ ಸಂದೇಶದಲ್ಲಿರಲಿ. ಗುರುತಿಗೆ ಅಂಗಡಿ ಬೇಡ, ಅದು ಯಾವಾಗ ಬೇಕಾದರೂ ಎತ್ತಂಗಡಿಯಾಗುತ್ತದೆ. ದೇವಸ್ಥಾನವನ್ನೋ ಅರಳಿಕಟ್ಟೆಯನ್ನೋ ಹೇಳಿ. ಗೇಟಿನ ಮುಂದೆಯೇ ನಿಂತು ವಾಟ್ಸಾಪ್‌ನಲ್ಲಿ ಲೊಕೇಶನ್ ಕಳುಹಿಸಿ. ಲೈವ್ ಲೊಕೇಶನ್ ಒತ್ತಬೇಡಿ, ಅದು ಹೆಚ್ಚೆಂದರೆ 8 ಗಂಟೆ ಇರುತ್ತದೆ.

ನೂರಾರು ಜನರಿರುವ ಗುಂಪುಗಳಲ್ಲಿ ಪೂರ್ತಿ ವಿಳಾಸ ಹಾಕುವುದು ನನಗೆ ಸರಿ ಕಾಣುವುದಿಲ್ಲ. ಒಬ್ಬೊಬ್ಬರಿಗೇ ಕಳುಹಿಸಿ, ತುಸು ಹೊತ್ತು ಹಿಡಿದರೂ ಪರವಾಗಿಲ್ಲ.

ಹಳೆಯ ಬಡಾವಣೆಯ ಅಂಚೆ ಕಚೇರಿಗೂ ಹೊಸ ವಿಳಾಸವನ್ನು ಬರೆದುಕೊಡಿ. ಪತ್ರಗಳನ್ನು ಅಲ್ಲಿಗೆ ತಿರುಗಿಸುವಂತೆ ಕೋರಬಹುದು. ಮೊಬೈಲ್ ಸಂದೇಶ ಓದದ ಹಿರಿಯರಿಗೆ ಮಾತ್ರ ಫೋನ್ ಮಾಡಿ, ಅವರು ಡೈರಿಯಲ್ಲಿ ಬರೆದುಕೊಳ್ಳುವವರೆಗೂ ನಿಧಾನವಾಗಿ ಹೇಳಿ.